ಸಾಂತ್ವನದ ಪ್ರಾಣಿಯೂ ಬಾಡಿಗೆಯ ಮನೆಯೂ: ಒಂದು ಧರ್ಮವಿವೇಚನೆ

ಮನುಷ್ಯನಿಗೆ ಅನ್ನ, ವಸ್ತ್ರ, ವಸತಿಗಳು ಹೇಗೆ ಅವಶ್ಯವೋ ಹಾಗೆಯೇ ಸಾಂತ್ವನವೂ ಅವಶ್ಯವಾದುದು. ದೇಹದ ಹಸಿವು ನೋಡುವವರ ಕಣ್ಣಿಗೆ ಬೀಳುತ್ತದೆ. ಮನಸ್ಸಿನ ಹಸಿವಾದರೋ ಅನುಭವಿಸುವವನಿಗೆ ಮಾತ್ರ ಗೋಚರ. ಆದುದರಿಂದ ಕಾಣದ ನೋವಿಗೆ ಪರಿಹಾರವನ್ನು ಬೇಡುವವನು ತನ್ನ ನೋವು ನಿಜವಾದುದೆಂದು ಮೊದಲು ಇತರರಿಗೆ ಮನಗಾಣಿಸಬೇಕಾಗುತ್ತದೆ. ಬೇಡುವವನು ಸತ್ಯವನ್ನೂ ಕೊಡುವವನು ದಯೆಯನ್ನೂ ಬಿಡದೆ ಇದ್ದಲ್ಲಿ ಇಂಥ ವ್ಯವಹಾರವು ಸರಾಗವಾಗಿ ನಡೆದೀತು. ಇವರಲ್ಲಿ ಒಬ್ಬನು ತಪ್ಪಿದರೂ ಅದರ ಫಲವನ್ನು ಉಣ್ಣುವವರು ಬಹುಮಟ್ಟಿಗೆ ಮೂರನೆಯವರು. ಅಮೆರಿಕದ ಬಾಡಿಗೆ ಮನೆಗಳಲ್ಲಿ ಕೆಲವು ದಶಕಗಳಿಂದ ತಲೆದೋರಿರುವ ಒಂದು ಪ್ರಶ್ನೆಯು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ. ಆ ದೇಶದಲ್ಲಿ ನೆಲೆಸಿರುವ ಜೈನ ಕುಟುಂಬಗಳಲ್ಲಿ ಕೆಲವರು ಬಾಡಿಗೆದಾರರು, ಕೆಲವರು ಮನೆಯೊಡೆಯರು. ಇಬ್ಬರಿಗೂ ಇದು ಮನೆಬಾಗಿಲಿನ ಪ್ರಶ್ನೆಯೇ ಆಗಿರುವುದರಿಂದ ಇದನ್ನು ಸಾವಧಾನವಾಗಿ ವಿವೇಚಿಸುವುದು ಯುಕ್ತವಾಗಿದೆ.

ಅಲ್ಲಿನ ಅನೇಕ ಬಾಡಿಗೆ ಕರಾರುಗಳಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲವೆಂಬ ನಿಬಂಧನೆ ಇರುತ್ತದೆ. ಪ್ರವೇಶವಿರುವ ಕಡೆಗಳಲ್ಲಿಯೂ ಅದಕ್ಕಾಗಿ ಬೇರೆ ಶುಲ್ಕ ಹಾಗೂ ಠೇವಣಿ ಕೇಳುವುದುಂಟು. ಆದರೆ ಮಾನಸಿಕ ವ್ಯಾಧಿಯಿಂದ ನರಳುವ ಒಬ್ಬನಿಗೆ ನಾಯಿಯ ಅಥವಾ ಬೆಕ್ಕಿನ ಸಾಂಗತ್ಯವೇ ನೆಮ್ಮದಿಯ ಆಧಾರವಾಗಿದ್ದರೆ ಅಂಥ ಪ್ರಾಣಿಯನ್ನು ಕೇವಲ ಸಾಕುಪ್ರಾಣಿಯೆಂದು ಎಣಿಸದೆ ಸಹಾಯಕ ಪ್ರಾಣಿಯೆಂದು ಪರಿಗಣಿಸಬೇಕೆಂಬ ನ್ಯಾಯವು ಕ್ರಮೇಣ ಬೆಳೆದುಬಂದಿತು. ಇದನ್ನೇ ಅಲ್ಲಿ ಎಮೋಷನಲ್ ಸಪೋರ್ಟ್ ಆನಿಮಲ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಸಾಂತ್ವನದ ಪ್ರಾಣಿ ಎನ್ನಬಹುದು.

ಈ ನ್ಯಾಯದ ಮೂಲವು 1968ರ ಏಪ್ರಿಲಿನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರದಲ್ಲಿ, ಜಾರಿಗೆ ಬಂದ ಫೇರ್ ಹೌಸಿಂಗ್ ಆಕ್ಟ್ ಎಂಬ ಶಾಸನದಲ್ಲಿದೆ. ಮನೆಯನ್ನು ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಜನಾಂಗ, ವರ್ಣ, ಧರ್ಮ, ಮೂಲದೇಶಗಳ ಕಾರಣದಿಂದ ಭೇದ ಮಾಡಬಾರದೆಂಬುದು ಅದರ ಆದಿಯ ಆಶಯವಾಗಿತ್ತು. 1988ರ ತಿದ್ದುಪಡಿಯಿಂದ ಅಂಗವೈಕಲ್ಯವುಳ್ಳವರೂ ಮಾನಸಿಕ ರೋಗಿಗಳೂ ಅದರ ರಕ್ಷಣೆಗೆ ಒಳಪಟ್ಟರು. ಅಂಥವರು ಇತರರಂತೆ ಮನೆಯಲ್ಲಿ ವಾಸಿಸಲು ಅಗತ್ಯವಾದಲ್ಲಿ ಮನೆಯೊಡೆಯನು ತನ್ನ ನಿಯಮಗಳನ್ನು ಸಮಂಜಸವಾದ ಮಟ್ಟಿಗೆ ಸಡಿಲಿಸತಕ್ಕದ್ದೆಂದು ಆ ತಿದ್ದುಪಡಿ ವಿಧಿಸಿತು. ಅದಕ್ಕೂ ಮುಂಚೆ 1981ರಲ್ಲಿ, ಜಾರ್ಜಿಯಾ ರಾಜ್ಯದ ಡಿಕ್ಯಾಬ್ ಜಿಲ್ಲೆಯ ಸರ್ಕಾರಿ ವಸತಿಯಲ್ಲಿದ್ದ, ಮಾನಸಿಕ ಅಸ್ವಸ್ಥತೆಯುಳ್ಳ ಒಬ್ಬ ಬಾಡಿಗೆದಾರಳು ತನ್ನ ನಾಯಿಯಿಲ್ಲದೆ ಇರಲಾರೆನೆಂದು ವಾದಿಸಿದ್ದಳು. ಅವಳ ವಾದವು ವಿಚಾರಣೆಗೆ ಅರ್ಹವೆಂದು ಮೇಲ್ಮನವಿ ನ್ಯಾಯಾಲಯವು ಹೇಳಿ ಕೆಳಗಿನ ನ್ಯಾಯಾಲಯದ ನಿರ್ಣಯವನ್ನು ತಳ್ಳಿಹಾಕಿತು. 2004ರಲ್ಲಿ ಕ್ಯಾಲಿಫೋರ್ನಿಯಾದ ಒಂದು ನ್ಯಾಯಾಲಯವು, ಖಿನ್ನತೆಯಿಂದ ಬಳಲುತ್ತಿದ್ದ ದಂಪತಿಗಳ ಪ್ರಕರಣದಲ್ಲಿ, ನಾಯಿಗೆ ವಿಶೇಷ ತರಬೇತಿ ಇರಲೇಬೇಕೆಂದಿಲ್ಲ, ಅದರ ಸಹಜವಾದ ಸ್ನೇಹಸ್ವಭಾವವೇ ಚಿಕಿತ್ಸೆಯಂತೆ ವರ್ತಿಸಬಹುದು ಎಂಬ ಅಭಿಪ್ರಾಯಕ್ಕೆ ಬಂದಿತು. ಪ್ರತಿಯೊಬ್ಬ ರೋಗಿಯೂ ನಾಯಿಯನ್ನಿಟ್ಟುಕೊಳ್ಳಲು ಹಕ್ಕುಳ್ಳವನೆಂದು ಇದರ ಅರ್ಥವಲ್ಲ. ಆಯಾ ವ್ಯಕ್ತಿಯ ಸ್ಥಿತಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ನಿರ್ಧರಿಸಬೇಕೆಂಬುದೇ ತಾತ್ಪರ್ಯ.

ಪ್ರಾಣಿಯ ಸಾಂಗತ್ಯದಿಂದ ಮನಸ್ಸು ಶಾಂತವಾಗುತ್ತದೆ ಎಂಬ ತಿಳಿವಳಿಕೆ ಹೊಸದೇನಲ್ಲ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1796ರಲ್ಲಿ ಕ್ವೇಕರ್ ಪಂಥದವರು ತೆರೆದ ಮಾನಸಿಕ ರೋಗಿಗಳ ಆಶ್ರಮದ ಅಂಗಳಗಳಲ್ಲಿ ಮೊಲ, ಕೋಳಿ ಮೊದಲಾದ ಪ್ರಾಣಿಗಳನ್ನು ಬಿಟ್ಟಿದ್ದರು. ರೋಗಿಗಳನ್ನು ಸರಪಳಿಯಲ್ಲಿ ಬಿಗಿಯುತ್ತಿದ್ದ ಆ ಕಾಲದಲ್ಲಿ, ದುರ್ಬಲ ಜೀವಿಯೊಂದನ್ನು ನೋಡಿಕೊಳ್ಳುವುದರಿಂದ ಮನುಷ್ಯನಲ್ಲಿ ಮೃದುತ್ವವು ಮರಳಿ ಚಿಗುರುವುದೆಂದು ಅವರು ಕಂಡುಕೊಂಡರು. ಮಕ್ಕಳ ಮನಶ್ಶಾಸ್ತ್ರಜ್ಞರಾದ ಬೋರಿಸ್ ಲೆವಿನ್ಸನ್ ಅವರು ಚಿಕಿತ್ಸೆಯಲ್ಲಿ ನಾಯಿಯನ್ನು ಸಹಾಯಕನನ್ನಾಗಿ ಬಳಸಿದ ಅನುಭವವನ್ನು 1962ರಲ್ಲಿ ಪ್ರಕಟಿಸಿದರು. ಆ ಬಳಿಕ ಈ ವಿಷಯದಲ್ಲಿ ಅನೇಕ ಸಂಶೋಧನೆಗಳು ನಡೆದಿವೆ. ಅವುಗಳ ಫಲಿತಾಂಶ ಏಕರೂಪವಾಗಿಲ್ಲ. ಕೆಲವರಿಗೆ ಉಪಶಮನವಾದುದುಂಟು, ಕೆಲವರಲ್ಲಿ ಗಣನೀಯ ವ್ಯತ್ಯಾಸ ಕಾಣದಿರುವುದೂ ಉಂಟು. ಆದರೂ ಏಕಾಂಗಿಯಾದ ಒಬ್ಬ ವೃದ್ಧೆಗೆ ಬೆಳಿಗ್ಗೆ ಎದ್ದೇಳಲು ನಾಯಿಯ ಹಸಿವೊಂದೇ ಕಾರಣವಾಗಿರುವಲ್ಲಿ ಆ ಕಾರಣವನ್ನು ತುಚ್ಛವೆನ್ನಲು ಯಾರಿಗೂ ಅಧಿಕಾರವಿಲ್ಲ.

ಇಲ್ಲಿಯವರೆಗೆ ಎಲ್ಲವೂ ದಯೆಯ ದಾರಿಯೇ ಆಗಿದೆ. ತೊಡಕು ಹುಟ್ಟಿಕೊಂಡದ್ದು ಈ ದಾರಿಯಲ್ಲಿ ಪತ್ರವೊಂದು ಬೇಕಾದಾಗ. ಚಿಕಿತ್ಸಕನು ಬರೆದುಕೊಟ್ಟ ಪತ್ರವಿದ್ದರೆ ನಿಬಂಧನೆ ಸಡಿಲವಾಗುವುದೆಂದು ತಿಳಿದ ಕೂಡಲೇ ಅಂಥ ಪತ್ರಗಳನ್ನು ಮಾರುವವರು ಹುಟ್ಟಿಕೊಂಡರು. ರೋಗಿಯ ಮುಖವನ್ನೇ ನೋಡದೆ, ಹತ್ತಾರು ಪ್ರಶ್ನೆಗಳಿಗೆ ಉತ್ತರ ಪಡೆದು, ಹಣವನ್ನು ಸ್ವೀಕರಿಸಿ, ಪ್ರಮಾಣಪತ್ರವನ್ನು ಕಳುಹಿಸುವ ಅಂಗಡಿಗಳು ಕಂಪ್ಯೂಟರ್ ಜಾಲದಲ್ಲಿ ತಲೆಯೆತ್ತಿದವು. ವಿಮಾನಗಳಲ್ಲಿಯೂ ಇದೇ ಅನುಕೂಲವಿದ್ದುದರಿಂದ ಅಲ್ಲಿಯೂ ಅತಿರೇಕ ನಡೆಯಿತು. 2018ರ ಜನವರಿಯಲ್ಲಿ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಸಾಂತ್ವನದ ಪ್ರಾಣಿಯೆಂದು ಒಂದು ನವಿಲನ್ನೇ ತಂದಿದ್ದ ಸುದ್ದಿ ಜಗತ್ತಿನಾದ್ಯಂತ ಹರಡಿತು. ಕೊನೆಗೆ 2020ರ ಡಿಸೆಂಬರಿನಲ್ಲಿ ಅಲ್ಲಿನ ಸಾರಿಗೆ ಇಲಾಖೆಯು ನಿಯಮವನ್ನು ಬದಲಿಸಿತು. 2021ರ ಜನವರಿಯಿಂದ ವಿಮಾನ ಸಂಸ್ಥೆಗಳು ಸಾಂತ್ವನದ ಪ್ರಾಣಿಗಳನ್ನು ಸೇವಾಪ್ರಾಣಿಗಳೆಂದು ಮನ್ನಿಸಬೇಕಾದ ಕಟ್ಟು ಇಲ್ಲವಾಯಿತು. ಮನೆಗಳ ವಿಷಯದಲ್ಲಿಯೂ, ಹಣಕ್ಕೆ ಮಾರುವ ಇಂಥ ಪ್ರಮಾಣಪತ್ರಗಳು ತಾವಾಗಿಯೇ ನಂಬಲರ್ಹವಲ್ಲವೆಂದು ವಸತಿ ಇಲಾಖೆಯು 2020ರ ಜನವರಿಯ ಮಾರ್ಗದರ್ಶನದಲ್ಲಿ ಹೇಳಿತು. ಅದೇ ವರ್ಷ ಫ್ಲಾರಿಡಾ ರಾಜ್ಯವು ಸುಳ್ಳು ಪತ್ರ ನೀಡುವುದನ್ನು ದಂಡನಾರ್ಹವೆಂದು ಸಾರಿ, ಅಪರಾಧಿಯು ಅಂಗವಿಕಲರ ಸೇವಾಸಂಸ್ಥೆಯಲ್ಲಿ 30 ಗಂಟೆಗಳ ಸೇವೆ ಸಲ್ಲಿಸಬೇಕೆಂದು ವಿಧಿಸಿತು. ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿ 1ರಿಂದ ಜಾರಿಗೆ ಬಂದ ಶಾಸನದ ಪ್ರಕಾರ, ಇಂಥ ನಾಯಿಗಾಗಿ ಪತ್ರ ಬರೆಯುವ ಚಿಕಿತ್ಸಕನಿಗೂ ರೋಗಿಗೂ ಕನಿಷ್ಠ 30 ದಿನಗಳ ಸಂಬಂಧ ಇರತಕ್ಕದ್ದು.

ಈಗ ಧರ್ಮದೃಷ್ಟಿಯಿಂದ ವಿಚಾರ ಮಾಡೋಣ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದವರಿಗೆಲ್ಲ ತಿಳಿದದ್ದೇ. ಇತರನು ಹೇಳದ, ಮಾಡದ ಸಂಗತಿಯನ್ನು ಅವನು ಹೇಳಿದಂತೆ, ಮಾಡಿದಂತೆ ವಂಚನೆಯ ಉದ್ದೇಶದಿಂದ ಬರೆದಿಡುವುದೇ ಕೂಟಲೇಖ. ಪರೀಕ್ಷಿಸದ ರೋಗಿಯನ್ನು ಪರೀಕ್ಷಿಸಿದಂತೆ ಬರೆದ ಪತ್ರವು ಈ ಲಕ್ಷಣಕ್ಕೆ ಅಕ್ಷರಶಃ ಹೊಂದುತ್ತದೆ. ‘ಹಣ ಕೊಟ್ಟರೆ ಪತ್ರ ಸಿಗುತ್ತದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ’ ಎಂದು ನೆರೆಯವನಿಗೆ ದಾರಿ ತೋರಿಸುವುದು ಮಿಥ್ಯೋಪದೇಶದ ಸಮೀಪಕ್ಕೆ ಬರುತ್ತದೆ. ವ್ರತಿಯಾದ ಗೃಹಸ್ಥನು ಈ ಎರಡರಿಂದಲೂ ದೂರವಿರಬೇಕೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಬಾಡಿಗೆ ದುಬಾರಿಯಾದ ಊರಿನಲ್ಲಿ, ಪ್ರಾಣಿಗೆ ಅವಕಾಶವಿರುವ ಮನೆಯೇ ದೊರೆಯದ ಬಡ ಕುಟುಂಬವೊಂದು ಹತ್ತು ವರ್ಷ ಸಾಕಿದ ನಾಯಿಯನ್ನು ಬೀದಿಪಾಲು ಮಾಡಬೇಕೇ, ಅಥವಾ ಪ್ರಾಣಿಗಳ ಅನಾಥಾಲಯಕ್ಕೆ ಒಪ್ಪಿಸಬೇಕೇ? ಅಲ್ಲಿ ಯಾರೂ ಕೊಂಡೊಯ್ಯದ ನಾಯಿಗಳನ್ನು ಕೊಲ್ಲುವ ಪದ್ಧತಿಯೂ ಹಲವೆಡೆ ಇದೆ. ಒಂದು ಸುಳ್ಳು ಪತ್ರದಿಂದ ಒಂದು ಜೀವ ಉಳಿಯುವುದಾದರೆ ಆ ಸುಳ್ಳು ದೋಷವೇ? ಪರಜೀವಕ್ಕೆ ಆಪತ್ತು ತರುವ ಸತ್ಯವನ್ನು ಗೃಹಸ್ಥನು ನುಡಿಯಬಾರದೆಂದು ಆಚಾರ್ಯರೇ ಹೇಳಿಲ್ಲವೇ?

ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಜೀವರಕ್ಷಣೆಯು ದೊಡ್ಡದು. ಆದರೆ ಬಹುಪಾಲು ಪ್ರಸಂಗಗಳಲ್ಲಿ ಸುಳ್ಳು ಪತ್ರವು ಉಳಿಸುವುದು ಜೀವವನ್ನಲ್ಲ, ಶುಲ್ಕವನ್ನು. ತಪ್ಪಿಸುವುದು ಮರಣವನ್ನಲ್ಲ, ಬೇರೆ ಮನೆ ಹುಡುಕುವ ಶ್ರಮವನ್ನು. ಇದನ್ನು ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ಪ್ರಾಮಾಣಿಕವಾಗಿ ಅಳೆದು ನೋಡಬೇಕು. ಎರಡನೆಯದಾಗಿ, ಈ ಸುಳ್ಳಿನ ಪೆಟ್ಟು ತಗಲುವುದು ಮನೆಯೊಡೆಯನಿಗಿಂತ ಮುಂದೆ ಬರಲಿರುವ ನಿಜವಾದ ರೋಗಿಗೆ. ಮೂರು ಸಲ ಸುಳ್ಳು ಪತ್ರಗಳನ್ನು ಕಂಡ ಒಡೆಯನು ನಾಲ್ಕನೆಯ ಪತ್ರವನ್ನು ಸಂಶಯದ ಕಣ್ಣಿನಿಂದ ನೋಡುತ್ತಾನೆ. ನಾಲ್ಕನೆಯವನು ನಿದ್ರೆಯಿಲ್ಲದೆ, ಭಯದಿಂದ ನಡುಗುತ್ತ, ಬದುಕಿನ ಆಸೆಯನ್ನೇ ಕಳೆದುಕೊಂಡವನಾಗಿರಬಹುದು. ಅವನು ಇತರರ ಸುಳ್ಳಿಗೆ ತಾನು ಉತ್ತರ ಹೇಳಬೇಕಾಗುತ್ತದೆ. ವಿಮಾನಗಳ ವಿಷಯದಲ್ಲಿ ಆದದ್ದೂ ಇದೇ. ಅತಿರೇಕ ಮಾಡಿದವರು ಕೆಲವರು, ಅನುಕೂಲವನ್ನು ಕಳೆದುಕೊಂಡವರು ಎಲ್ಲರೂ. ಅಸತ್ಯವು ಹಿಂಸೆಯ ಒಂದು ರೂಪವೆಂದು ಶಾಸ್ತ್ರಕಾರರು ಹೇಳುವುದರ ಅರ್ಥವು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ನಿಬಂಧನೆಯು ನಿರ್ದಯವಾಗಿದ್ದರೆ ಅದನ್ನು ಬಹಿರಂಗವಾಗಿ ಪ್ರಶ್ನಿಸುವ, ಒಡೆಯನೊಡನೆ ನೇರವಾಗಿ ಮಾತಾಡಿ ಒಪ್ಪಿಸುವ ಮಾರ್ಗಗಳಿವೆ. ಕೇಂದ್ರ ಸರ್ಕಾರದ ನೆರವು ಪಡೆದ ವೃದ್ಧರ ಹಾಗೂ ಅಂಗವಿಕಲರ ಬಾಡಿಗೆ ವಸತಿಗಳಲ್ಲಿ ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳುವ ಅವಕಾಶವು 1983ರಲ್ಲಿ ದೊರೆತದ್ದು ಶಾಸನದ ಮೂಲಕವೇ. ಅದಕ್ಕೆ ಯಾರ ರೋಗಪತ್ರವೂ ಬೇಕಾಗಲಿಲ್ಲ.

ಇನ್ನು ಮನೆಯೊಡೆಯನ ಕರ್ತವ್ಯ. ಕಾಣದ ರೋಗವು ಸುಳ್ಳು ರೋಗವಲ್ಲ. ನಗುನಗುತ್ತ ಮಾತಾಡುವವನ ಅಂತರಂಗದಲ್ಲಿ ಯಾವ ಕತ್ತಲೆಯಿದೆಯೋ ಬಲ್ಲವರಾರು? ಆದುದರಿಂದ ಸಂಶಯಪಡುವ ಮೊದಲು ಕೇಳುವ ತಾಳ್ಮೆ ಇರಬೇಕು. ರೋಗದ ಹೆಸರು, ಔಷಧಗಳ ವಿವರ, ಆಸ್ಪತ್ರೆಯ ದಾಖಲೆಗಳೆಲ್ಲವನ್ನೂ ಬಯಲಿಗೆ ತರುವಂತೆ ಒತ್ತಾಯಿಸುವುದು ಉಚಿತವಲ್ಲವೆಂಬುದು ಆ ದೇಶದ ವಸತಿ ಮತ್ತು ನ್ಯಾಯ ಇಲಾಖೆಗಳು 2004ರಲ್ಲಿ ಜಂಟಿಯಾಗಿ ಹೊರಡಿಸಿದ ಹೇಳಿಕೆಯ ಆಶಯವೂ ಆಗಿತ್ತು. ಇಲಾಖೆಗಳ ವಿವರಣೆಗಳು ಕಾಲಕಾಲಕ್ಕೆ ಬದಲಾಗಬಹುದು. ಪರರ ಮರ್ಮವನ್ನು ಹೊರಗೆಡಹಬಾರದೆಂಬ ಧರ್ಮವು ಬದಲಾಗುವುದಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಗುಟ್ಟನ್ನು ಬಯಲು ಮಾಡುವುದೂ ಸೇರಿದೆಯೆಂಬುದನ್ನು ಮರೆಯಬಾರದು. ಬಾಡಿಗೆದಾರನ ಮಾನಸಿಕ ವ್ಯಾಧಿಯನ್ನು ನೆರೆಹೊರೆಯಲ್ಲಿ ಹರಟೆಯ ವಸ್ತುವಾಗಿಸುವ ಒಡೆಯನು ಸುಳ್ಳಾಡದೆಯೂ ಸತ್ಯವ್ರತಕ್ಕೆ ಮಲಿನತೆಯನ್ನು ತಂದುಕೊಳ್ಳುತ್ತಾನೆ. ಹಾಗೆಯೇ ಪ್ರಾಣಿಯ ಉಗುರಿನ ಗೆರೆಗಳನ್ನು ನೆಪಮಾಡಿಕೊಂಡು, ಆದ ನಷ್ಟಕ್ಕಿಂತ ಹೆಚ್ಚಾಗಿ ಠೇವಣಿಯನ್ನು ಉಳಿಸಿಕೊಳ್ಳುವುದು ನ್ಯಾಸಾಪಹಾರಕ್ಕೆ ಸನಿಹವಾದ ಕೃತ್ಯ. ನೆರೆಮನೆಯವನಿಗೆ ಬೆಕ್ಕಿನ ಕೂದಲಿನಿಂದ ಉಬ್ಬಸವಾಗುತ್ತಿದ್ದರೆ, ಅಥವಾ ಆ ನಾಯಿಯು ನಿಜವಾಗಿ ಕಚ್ಚುವ ಸ್ವಭಾವದ್ದಾಗಿದ್ದರೆ, ಅವರ ಕ್ಷೇಮವನ್ನೂ ತೂಗಿ ನೋಡಬೇಕಾದುದು ಒಡೆಯನ ಹೊಣೆ. ಒಬ್ಬನ ಸಾಂತ್ವನವು ಮತ್ತೊಬ್ಬನ ಉಸಿರನ್ನು ಕಟ್ಟಿಸಬಾರದು.

ಇಷ್ಟಾದರೂ ಈ ವಾದದಲ್ಲಿ ಯಾರೂ ಕೇಳದ ಒಬ್ಬ ಪಕ್ಷಗಾರನಿದ್ದಾನೆ. ಅವನು ಆ ಮೂಕಪ್ರಾಣಿಯೇ. ಬಾಡಿಗೆದಾರನ ಹಕ್ಕು, ಒಡೆಯನ ಹಕ್ಕು, ನೆರೆಯವನ ಹಕ್ಕು ಎಂದು ನ್ಯಾಯಾಲಯಗಳು ಚರ್ಚಿಸುತ್ತವೆ. ನಾಯಿಗೆ ಆ ಮನೆ ಹಿತವೇ ಎಂಬ ಪ್ರಶ್ನೆ ಏಳುವುದು ವಿರಳ. ಅಹಿಂಸಾಣುವ್ರತದ ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವು ಐದೂ ಮನುಷ್ಯನು ತನ್ನ ಅಧೀನದಲ್ಲಿರುವ ಪ್ರಾಣಿಗಳೊಡನೆ ನಡೆದುಕೊಳ್ಳುವ ರೀತಿಗೆ ಸಂಬಂಧಿಸಿದವು ಎಂಬುದು ಗಮನಾರ್ಹ. ಹತ್ತು ಗಂಟೆಗಳ ಕಾಲ ಯಜಮಾನನು ಕೆಲಸಕ್ಕೆ ಹೋದಾಗ ಕಿರುಕೋಣೆಯಲ್ಲಿ ಮುಚ್ಚಿಡಲ್ಪಟ್ಟ ನಾಯಿಗೆ ಅದು ಬಂಧವೇ ಸರಿ. ಪೀಠೋಪಕರಣಗಳಿಗೆ ಗೀರು ಬೀಳದಿರಲೆಂದು ಬೆಕ್ಕಿನ ಬೆರಳ ತುದಿಗಳನ್ನೇ ಕತ್ತರಿಸಿ ಉಗುರು ತೆಗೆಸುವ ಶಸ್ತ್ರಕ್ರಿಯೆಯು ಆ ದೇಶದ ಹಲವೆಡೆ ಬಳಕೆಯಲ್ಲಿದ್ದಿತು. ನ್ಯೂಯಾರ್ಕ್ ರಾಜ್ಯವು 2019ರಲ್ಲಿ ಅದನ್ನು ನಿಷೇಧಿಸಿತು. ಇದು ಛೇದವಲ್ಲದೆ ಮತ್ತೇನು?

ಎಲ್ಲಕ್ಕಿಂತ ಸೂಕ್ಷ್ಮವಾದುದು ಅತಿಭಾರಾರೋಪಣ. ಎತ್ತಿನ ಬೆನ್ನಿನ ಮೇಲೆ ಅದು ಹೊರಬಲ್ಲುದಕ್ಕಿಂತ ಹೆಚ್ಚಿನ ಮೂಟೆಯನ್ನು ಹೇರುವುದನ್ನು ಎಲ್ಲರೂ ಬಲ್ಲರು. ಮನುಷ್ಯನ ದುಃಖವೂ ಒಂದು ಮೂಟೆಯೇ. ಸ್ವೀಡನ್ನಿನ ಲಿಂಚೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲನ್ನು ಪರೀಕ್ಷಿಸಿ, ಉದ್ವೇಗದ ಕಾಲದಲ್ಲಿ ದೇಹದಲ್ಲಿ ಹೆಚ್ಚುವ ಕಾರ್ಟಿಸೋಲ್ ಎಂಬ ದ್ರವ್ಯದ ಪ್ರಮಾಣವು ಇಬ್ಬರಲ್ಲಿಯೂ ಒಂದಕ್ಕೊಂದು ಹೊಂದಿಕೊಂಡಿರುವುದನ್ನು ಕಂಡರು. ದೀರ್ಘಕಾಲದ ಉದ್ವೇಗವು ಮನುಷ್ಯನಿಂದ ನಾಯಿಗೆ ಪ್ರತಿಬಿಂಬಿಸುತ್ತದೆಂಬುದು ಅವರ ಊಹೆ. ಹಾಗಿದ್ದಲ್ಲಿ ಸಾಂತ್ವನವನ್ನು ನೀಡುವ ನಾಯಿಯು ಪ್ರತಿಯಾಗಿ ಏನನ್ನೋ ಹೊರುತ್ತಿದೆ. ಹೊರುವುದು ತಪ್ಪಲ್ಲ, ಎತ್ತು ಬಂಡಿಯನ್ನು ಎಳೆಯುತ್ತದೆ. ಆದರೆ ಭಾರಕ್ಕೆ ಮಿತಿಯಿರಬೇಕು, ಹೊತ್ತ ಪ್ರಾಣಿಗೆ ವಿಶ್ರಾಂತಿ ಇರಬೇಕು, ಅಡ್ಡಾಡಲು ಬಯಲಿರಬೇಕು, ರೋಗ ಬಂದಾಗ ಚಿಕಿತ್ಸೆ ಇರಬೇಕು. ವೈದ್ಯರನ್ನೂ ಬಂಧುಗಳನ್ನೂ ಮಿತ್ರರನ್ನೂ ದೂರವಿಟ್ಟು ತನ್ನ ಸಮಸ್ತ ದುಃಖವನ್ನೂ ಒಂದು ಮೂಕಪ್ರಾಣಿಯ ಮೇಲೆ ಹೊರಿಸುವುದು ಆ ಪ್ರಾಣಿಗೂ ಅನ್ಯಾಯ, ತನಗೂ ಅನ್ಯಾಯ.

ಜೈನ ಗೃಹಸ್ಥನಿಗೆ ಇಲ್ಲಿ ಇನ್ನೊಂದು ವಿಶೇಷ ಸಂದೇಹವು ತೋರಬಹುದು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸಿದೆ. ಗೋವು ಮೊದಲಾದವನ್ನು ಪರಿಗ್ರಹದ ಲೆಕ್ಕಕ್ಕೆ ಸೇರಿಸಿ ಪರಿಮಾಣ ಮಾಡಿಕೊಳ್ಳಬೇಕೆಂಬುದು ಪ್ರಸಿದ್ಧವೇ ಆಗಿದೆ. ಹೀಗಿರುವಲ್ಲಿ ಮಾಂಸವನ್ನು ತಿನ್ನುವ ಬೆಕ್ಕನ್ನು ತನ್ನ ಮನೆಯ ಮೇಲ್ಮಾಳಿಗೆಯ ಬಾಡಿಗೆದಾರನು ಇಟ್ಟುಕೊಂಡರೆ ವ್ರತಿಯಾದ ಒಡೆಯನಿಗೆ ದೋಷ ತಗಲದೇ?

ಇದಕ್ಕೆ ಸಮಾಧಾನವನ್ನು ಎರಡು ಹಂತಗಳಲ್ಲಿ ಹೇಳಬಹುದು. ಆ ದೇಶದ ಕೇಂದ್ರ ಶಾಸನವು, ಒಡೆಯನು ತಾನೇ ವಾಸವಾಗಿರುವ, ನಾಲ್ಕಕ್ಕಿಂತ ಹೆಚ್ಚು ಸಂಸಾರಗಳಿಲ್ಲದ ಕಟ್ಟಡಕ್ಕೆ ಬಹುಮಟ್ಟಿಗೆ ವಿನಾಯಿತಿಯನ್ನು ಕೊಟ್ಟಿದೆ. ಕೆಲವು ರಾಜ್ಯಗಳ ಕಾನೂನು ಇನ್ನೂ ಬಿಗಿಯಾಗಿರುವುದರಿಂದ ಅದನ್ನು ವಿಚಾರಿಸಿ ತಿಳಿಯಬೇಕು. ವಿನಾಯಿತಿ ಇರುವೆಡೆ ತನ್ನ ಮನೆಯ ಆಚಾರವನ್ನು ಮೊದಲೇ ಸ್ಪಷ್ಟವಾಗಿ, ವಿನಯದಿಂದ ತಿಳಿಸುವುದು ಸರಿಯಾದ ಮಾರ್ಗ. ವಿನಾಯಿತಿ ಇಲ್ಲದ ದೊಡ್ಡ ಕಟ್ಟಡವನ್ನು ಕೊಂಡು ಬಾಡಿಗೆಯ ವ್ಯಾಪಾರಕ್ಕೆ ಇಳಿಯುವವನು, ಆ ವ್ಯಾಪಾರದ ನಿಯಮಗಳನ್ನು ಒಪ್ಪಿಯೇ ಇಳಿದಿರುತ್ತಾನೆ. ಲಾಭವನ್ನು ಪೂರ್ತಿಯಾಗಿ ಪಡೆದು, ಹೊಣೆ ಬಂದಾಗ ವ್ರತವನ್ನು ಮುಂದೊಡ್ಡುವುದು ವ್ರತಕ್ಕೂ ಗೌರವವಲ್ಲ. ಅಂಥ ಸಂಕೋಚವುಳ್ಳವನು ಬೇರೆ ವ್ಯಾಪಾರವನ್ನು ಆರಿಸಿಕೊಳ್ಳುವುದು ಮೇಲು.

ಎರಡನೆಯದಾಗಿ, ಕೃತ, ಕಾರಿತ, ಅನುಮೋದನೆಗಳ ವಿವೇಕ. ರೋಗಿಗೆ ಆಶ್ರಯ ಕೊಟ್ಟವನು ಅವನ ಅಡುಗೆಮನೆಯ ಎಲ್ಲ ಕ್ರಿಯೆಗಳಿಗೂ ಅನುಮೋದನೆ ಕೊಟ್ಟಂತಾಗುವುದಿಲ್ಲ. ಮಾಂಸಾಹಾರಿಯಾದ ಮನುಷ್ಯನಿಗೆ ಮನೆ ಕೊಟ್ಟವನು, ಅವನ ಬೆಕ್ಕಿನ ಸ್ವಭಾವಕ್ಕಾಗಿ ಮಾತ್ರ ರೋಗಿಯನ್ನು ಹೊರಗೆ ಹಾಕುತ್ತೇನೆಂದರೆ, ಅದು ವ್ರತದ ಮಾತೋ ಅನುಕೂಲದ ಮಾತೋ ಎಂಬುದನ್ನು ತಾನೇ ಕೇಳಿಕೊಳ್ಳಬೇಕು. ತಾನು ಸಾಕುವುದು ಬೇರೆ, ಸಾಕಿದವನಿಗೆ ನೆರಳು ಕೊಡುವುದು ಬೇರೆ. ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರಕ್ಕೆ ಸೇರಿದ ಪಕ್ಷಿಗಳ ಆಸ್ಪತ್ರೆಯಲ್ಲಿ ಗಾಯಗೊಂಡ ಹದ್ದು ಗಿಡುಗಗಳನ್ನು ಇತರ ಪಕ್ಷಿಗಳೊಡನೆ ಇರಿಸಿಕೊಳ್ಳುವುದಿಲ್ಲ. ಆದರೆ ಅವಕ್ಕೆ ಚಿಕಿತ್ಸೆಯನ್ನು ನಿರಾಕರಿಸುವುದೂ ಇಲ್ಲ. ಗುಣವಾದ ಪಕ್ಷಿಗಳನ್ನು ಪಂಜರದಲ್ಲಿಡದೆ ಹಾರಿಬಿಡುತ್ತಾರೆ. ಆಚಾರದ ಮೇರೆಯನ್ನು ಕಾಯ್ದುಕೊಂಡೂ ದಯೆಯನ್ನು ಮೊಟಕುಗೊಳಿಸದಿರುವ ಬಗೆ ಅಲ್ಲಿ ಕಾಣುತ್ತದೆ.

ಹಾಗೆಯೇ ಜೈನನೇ ಬಾಡಿಗೆದಾರನಾಗಿದ್ದು, ಪರದೇಶದ ಏಕಾಂತದಲ್ಲಿ ಮನಸ್ಸು ಕುಸಿದು, ವೈದ್ಯನು ಪ್ರಾಣಿಯ ಸಾಂಗತ್ಯವನ್ನು ಸೂಚಿಸಿದರೆ, ಅವನು ನಾಚಿಕೊಳ್ಳಬೇಕಾಗಿಲ್ಲ. ಮಾನಸಿಕ ರೋಗವು ಪಾಪದ ಗುರುತೆಂದು ಭಾವಿಸಿ ಅದನ್ನು ಮುಚ್ಚಿಡುವ ಅಭ್ಯಾಸವು ಕೆಲವು ಮನೆಗಳಲ್ಲಿದೆ. ಜ್ವರಕ್ಕೆ ಔಷಧವನ್ನು ಸ್ವೀಕರಿಸುವವರು ವಿಷಾದಕ್ಕೆ ಚಿಕಿತ್ಸೆಯನ್ನು ಸ್ವೀಕರಿಸಲು ಹಿಂಜರಿಯುವುದೇಕೆ? ಆದರೆ ಅವನು ತನ್ನ ವ್ರತಕ್ಕೆ ಒಗ್ಗುವ ಜೀವಿಯನ್ನು ಆರಿಸಿಕೊಳ್ಳಬಹುದು. ಧಾನ್ಯವನ್ನೂ ಸೊಪ್ಪನ್ನೂ ತಿನ್ನುವ ಮೊಲದಂಥ ಪ್ರಾಣಿಯೂ ಮನಸ್ಸಿಗೆ ತಂಪನ್ನು ಕೊಡಬಲ್ಲುದು. ಆರಿಸಿಕೊಂಡ ಮೇಲೆ ಅದರ ಆಯುಷ್ಯವಿಡೀ ಅದನ್ನು ಕಾಪಾಡುವ ಸಂಕಲ್ಪ ಮಾಡಬೇಕು. ತಾನು ಗುಣವಾದೆನೆಂದು, ಅಥವಾ ಊರು ಬಿಡುತ್ತೇನೆಂದು, ಅದನ್ನು ತೊರೆದುಹೋಗುವುದು ವಿಶ್ವಾಸಘಾತ. ಉಪವಾಸದ ದಿನ ತನ್ನ ಊಟವನ್ನು ಬಿಟ್ಟವನು ಅದರ ಹೊಟ್ಟೆಗೆ ಹಾಕುವುದನ್ನು ಮರೆತರೆ, ಅದು ತಪಸ್ಸಿನೊಡನೆ ಬೆರೆತ ಅನ್ನಪಾನನಿರೋಧವಾಗುತ್ತದೆ.

ಶಾಸನವು ಹೊರಗಿನ ವರ್ತನೆಯನ್ನು ತಿದ್ದಬಲ್ಲುದು. ಪತ್ರಕ್ಕೆ 30 ದಿನಗಳ ಅವಧಿಯನ್ನು ಗೊತ್ತುಮಾಡಬಲ್ಲುದು, ಸುಳ್ಳಿಗೆ 30 ಗಂಟೆಗಳ ಸೇವೆಯನ್ನು ವಿಧಿಸಬಲ್ಲುದು. ಪತ್ರಕ್ಕೆ ಸಹಿ ಹಾಕುವ ಕೈ, ಅದನ್ನು ಒಪ್ಪಿಸುವ ಕೈ, ಸ್ವೀಕರಿಸುವ ಕೈ ಇವುಗಳ ಹಿಂದಿನ ಭಾವವನ್ನು ತಿದ್ದಿಕೊಳ್ಳುವ ಕೆಲಸ ಆಯಾ ವ್ಯಕ್ತಿಯದೇ. ಬಾಡಿಗೆದಾರನು ತನಗೆ ಬೇಕಾದುದಕ್ಕೂ ಇಷ್ಟವಾದುದಕ್ಕೂ ಇರುವ ಅಂತರವನ್ನು ಅರಿಯಲಿ. ಒಡೆಯನು ಕಾಣದ ನೋವನ್ನು ನಂಬುವ ಔದಾರ್ಯವನ್ನು ಬೆಳೆಸಿಕೊಳ್ಳಲಿ. ಇಬ್ಬರೂ ಕರಾರುಪತ್ರದ ಮೇಲೆ ಸಹಿ ಹಾಕುವ ಹೊತ್ತಿನಲ್ಲಿ, ಸಹಿ ಹಾಕಲಾರದ, ಮಾತಾಡಲಾರದ ಆ ಪ್ರಾಣಿಗೆ ಬೆಳಕು, ಗಾಳಿ, ನೀರು, ಅಡ್ಡಾಡಲು ಜಾಗ ಇದೆಯೇ ಎಂದು ಒಮ್ಮೆ ಕೇಳಿಕೊಂಡರೆ ಆ ಮನೆಯಲ್ಲಿ ಸಾಂತ್ವನವು ಎಲ್ಲರಿಗೂ ದೊರೆತೀತು.